ಇಂಗ್ಲಿಷಿನ ಸಂಥೆ

ಎಪ್ಪತ್ತಕ್ಕೆ ಹತ್ತಿರವಾಗುತ್ತಿರುವ ವಯಸ್ಸಿನಲ್ಲಿ ನಾನು ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದೆ. ಹಾನಗಲ್ಲಿನ ನಮ್ಮ ಓಣಿಯ ಜನ ಈ ಸುದ್ದಿಯನ್ನು ಸುಮ್ಮನೆ ನಂಬಲಿಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಲಗ್ನ, ಗೃಹಪ್ರವೇಶ, ಶ್ರಾವಣದ ಪುರಾಣ ಎಂದು ಆಯುಷ್ಯವನ್ನೆಲ್ಲ ಕಳೆದ ಅಯ್ಯನವರಿಗೆ ಈಗ ಕಾಲೇಜು ಏಕೆ ಎಂಬುದು ಅವರ ಪ್ರಶ್ನೆ. ಸರ್ಕಾರದಿಂದ ಏನೋ ಸಿಗುತ್ತಿರಬೇಕು ಎಂದು ಕೆಲವರು ತೀರ್ಮಾನಿಸಿದರು. ನಾನು ಯಾರಿಗೂ ಸಮಾಧಾನ ಹೇಳಲು ಹೋಗಲಿಲ್ಲ.

ಕಾರಣ ಒಂದು ಕಲ್ಲು. ನಮ್ಮ ಮನೆತನದವರು ಪೂಜಿಸಿಕೊಂಡು ಬಂದಿರುವ ಓಣಿಯ ಸಣ್ಣ ಈಶ್ವರ ಗುಡಿಯ ಎಡಗೋಡೆಗೆ ಆತುಕೊಂಡು ಒಂದು ಶಾಸನ ನಿಂತಿದೆ. ಮೇಲೆ ಲಿಂಗ, ಆಕಳು ಮತ್ತು ಕರು, ಸೂರ್ಯಚಂದ್ರರು. ಕೆಳಗೆ ಅಕ್ಷರಗಳ ಸಾಲುಗಳು. ಹಿಂದಿನವರು ಭಕ್ತಿಯಿಂದ ಬಳಿದ ಎಣ್ಣೆ ಮತ್ತು ಸುಣ್ಣ ಅಕ್ಷರಗಳ ಕುಳಿಯಲ್ಲಿ ಕೂತು ಗಟ್ಟಿಯಾಗಿದೆ. ಬೆಳಗಿನ ಪೂಜೆ ಮುಗಿದ ಮೇಲೆ ಅದರ ಮೇಲೆ ಬೆರಳಾಡಿಸುವುದು ನನಗೆ ರೂಢಿ. ‘ಸ್ವಸ್ತಿ’ ಎಂಬುದು ಬೆರಳಿಗೆ ತಿಳಿಯುತ್ತದೆ. ಮುಂದಿನದು ತಿಳಿಯುವುದಿಲ್ಲ. ನನ್ನ ತಂದೆಯವರಿಗೂ ತಿಳಿದಿರಲಿಲ್ಲ. ಯಾರು ಯಾರಿಗೆ ಏನನ್ನು ಬಿಟ್ಟುಕೊಟ್ಟರು, ನಾವು ದಿನವೂ ಹೂವು ಏರಿಸುವ ಆ ಲಿಂಗವನ್ನು ಯಾರು ಸ್ಥಾಪಿಸಿದರು ಎಂಬುದನ್ನು ಅರಿಯದೆ ಕಣ್ಣು ಮುಚ್ಚುವುದು ನನಗೆ ಇಷ್ಟವಿರಲಿಲ್ಲ.

ಶಿಗ್ಗಾವಿಯಲ್ಲಿ ಒಂದು ವಿಶ್ವವಿದ್ಯಾಲಯದವರು ಅಧ್ಯಯನ ಕೇಂದ್ರ ತೆರೆದು, ಹಳೆಯ ಹತ್ತಿ ಗೋದಾಮಿನ ಮಹಡಿಯ ಮೇಲೆ ಶಾಸನಶಾಸ್ತ್ರದ ತರಗತಿ ನಡೆಸುತ್ತಾರೆಂದು ತಿಳಿದಾಗ ನಾನೇ ಹೋಗಿ ವಿಚಾರಿಸಿದೆ. ನನ್ನ ಸಂಸ್ಕೃತ ವಿದ್ವತ್ತನ್ನು ಪದವಿಗೆ ಸಮಾನವೆಂದು ಒಪ್ಪಿಕೊಂಡರು. ಕೇಂದ್ರದ ಮುಖ್ಯಸ್ಥರು ಒಳ್ಳೆಯ ಮಾತಿನವರು. ಮೊದಲ ವರ್ಷ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದವರನ್ನು ಎರಡನೆಯ ವರ್ಷ ಕ್ಷೇತ್ರಕಾರ್ಯಕ್ಕೆ ಕರೆದೊಯ್ಯುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದನ್ನು ಕಲಿಸುತ್ತಾರೆ.

“ನಿಮ್ಮ ಗುಡಿ ಕಲ್ಲಿನ ಮ್ಯಾಲೆ ನೀವ ಪ್ರಬಂಧ ಬರೀರಿ ಸ್ವಾಮ್ಯಾರ,” ಎಂದರು ಅವರು. “ಆದ್ರ ಮೊದಲನೇ ವರ್ಷ ಒಂದ್ ವಿಷಯ ಉಳದ್ರೂ ಮುಂದ ಬಿಡಾಂಗಿಲ್ಲ ನೋಡ್ರಿ.”

ಆ ವಿಷಯಗಳ ನಡುವೆ ‘ಪ್ರಾಥಮಿಕ ಇಂಗ್ಲಿಷ್’ ಎಂಬುದೊಂದು ಇತ್ತು.

ನನಗೆ ಆಗಲೇ ಅನುಮಾನ ಬಂತು. ಹಳಗನ್ನಡದ ಕಲ್ಲನ್ನು ಓದಲು ಇಂಗ್ಲಿಷ್ ಯಾವ ಉಪಕಾರ ಮಾಡೀತು? ಕೇಳಿದೆ. ಹಿಂದೆ ಶಾಸನಗಳನ್ನು ಸಂಗ್ರಹಿಸಿದವರು ತಮ್ಮ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಅವನ್ನು ಓದಲಾಗದಿದ್ದರೆ ಅರ್ಧ ಶಾಸ್ತ್ರ ಕತ್ತಲಲ್ಲಿ ಉಳಿಯುತ್ತದೆ ಎಂದು ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು. ಆದರೆ ನಮ್ಮ ಮನೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಪರವೂರಿನವರ ಕೈಯಲ್ಲಿ ಕೊಟ್ಟು ಬಂದವರ ಬಗ್ಗೆ ಆಗುವಂಥ ಅಸಮಾಧಾನವೊಂದು ನನ್ನಲ್ಲಿ ಉಳಿದುಕೊಂಡಿತು.

ಇಂಗ್ಲಿಷ್ ಕಲಿಸುವವರು ಸವಣೂರಿನವರು. ವೀಳ್ಯದೆಲೆಯ ವ್ಯಾಪಾರದ ಮುಸಲ್ಮಾನ ಮನೆತನದ ಹೆಣ್ಣುಮಗಳು, ಮೂವತ್ತೈದರ ಆಸುಪಾಸಿನವರು. ವಿದ್ಯಾರ್ಥಿಗಳೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದರು. ನಾನು ನಮ್ಮ ಕಡೆಯ ಹಳೆಯ ಪದ್ಧತಿಯಂತೆ ಬಾಯಾರು ಎನ್ನುತ್ತಿದ್ದೆ. ಮೊದಲ ದಿನವೇ ಅವರು ಹೇಳಿದ ಮಾತು ನನ್ನನ್ನು ಬೆಚ್ಚಿಸಿತು:

“ಯಾರೂ ಬಾಯಿಪಾಠ ಮಾಡಬ್ಯಾಡ್ರಿ. ಬಾಯಿಪಾಠ ಮಾಡಿದ್ರ ಇಂಗ್ಲಿಷ್ ಬರೂದಿಲ್ಲ.”

ಇದೆಂಥ ಗುರುವಾಕ್ಯ! ಕಂಠದಲ್ಲಿ ಇಲ್ಲದ ವಿದ್ಯೆ ವಿದ್ಯೆಯಲ್ಲವೆಂದು ನಂಬಿಕೊಂಡು ಬೆಳೆದವನು ನಾನು. ಶಿಷ್ಯನಿಗೆ ಪಾಠ ಕಂಠಗತವಾಗುವುದು ಬೇಡವೆನ್ನುವ ಗುರು ಏನನ್ನೋ ಕೊಡದೆ ಇಟ್ಟುಕೊಳ್ಳುತ್ತಿರಬೇಕು ಎನ್ನಿಸಿತು. ಪುಸ್ತಕವೂ ನನ್ನ ಅನುಮಾನವನ್ನು ಬೆಳೆಸುವಂತೆಯೇ ಇತ್ತು. ಆದಿಯಲ್ಲಿ ಮಂಗಲವಿಲ್ಲ, ಗುರುಸ್ಮರಣೆಯಿಲ್ಲ. ಒಬ್ಬಾತ ರೈಲು ನಿಲ್ದಾಣಕ್ಕೆ ಬಂದು ಕಿಟಕಿಯ ಬಳಿ ನಿಂತು ಟಿಕೀಟು ಕೇಳುತ್ತಾನೆ, ಅಲ್ಲಿಂದಲೇ ಆರಂಭ. ರೈಲೇ ಬಾರದ ಹಾನಗಲ್ಲಿನಲ್ಲಿ ಕೂತು ಆತನ ಟಿಕೀಟಿನ ಚಿಂತೆಯನ್ನು ನಾನು ಯಾಕೆ ಮಾಡಬೇಕೆಂದು ತಿಳಿಯಲಿಲ್ಲ.

ನಮ್ಮ ಪಾಠಶಾಲೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅದಕ್ಕೆ ಸಂಥೆ ಎನ್ನುತ್ತೇವೆ. ಗುರುಗಳು ಒಂದು ಪಾದವನ್ನು ಒಮ್ಮೆ ಹೇಳುತ್ತಾರೆ. ಶಿಷ್ಯರು ಅದನ್ನೇ, ಸ್ವರ ಕೆಡದಂತೆ, ಎರಡು ಸಲ ಹೇಳುತ್ತಾರೆ. ಅರ್ಥ ಕೇಳುವ ಕಾಲ ಬೇರೆ. ಸಂಥೆ ನಡೆಯುವಾಗ ಗುರುವಿನ ಬಾಯಿಂದ ಬಂದದ್ದು ಪ್ರಶ್ನೆಯೇ ಆಗಿದ್ದರೂ ಶಿಷ್ಯನು ಅದಕ್ಕೆ ಉತ್ತರ ಕೊಡುವುದಿಲ್ಲ. ಅದನ್ನೂ ಎರಡು ಸಲ ಹೇಳುತ್ತಾನೆ. ಮಂತ್ರದ ನಡುವೆ ಬರುವ ಪ್ರಶ್ನೆಯೂ ಮಂತ್ರವೇ ಅಲ್ಲವೆ?

ಎರಡನೆಯ ದಿನ ಬಾಯಾರು ನನ್ನ ಮುಂದೆ ಬಂದು ನಿಂತು, ತಿಳಿಯಾದ ಧ್ವನಿಯಲ್ಲಿ, “ವೇರ್ ಡು ಯು ಲಿವ್?” ಎಂದರು. ನೀವು ಎಲ್ಲಿ ವಾಸವಾಗಿದ್ದೀರಿ ಎಂದು.

ನಾನು ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, “ವೇರ್ ಡು ಯು ಲಿವ್, ವೇರ್ ಡು ಯು ಲಿವ್” ಎಂದೆ.

ಬಾಯಾರು ತಾವು ಸವಣೂರಿನಲ್ಲಿ ಇರುವುದಾಗಿ ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ನನ್ನತ್ತ ಕೈ ತೋರಿಸಿ, “ಆ್ಯಂಡ್ ಯು?” ಎಂದರು. ನಾನು ಸವಣೂರಿನ ವಾಕ್ಯವನ್ನು ಎರಡು ಸಲ ಹೇಳಿ, “ಆ್ಯಂಡ್ ಯು, ಆ್ಯಂಡ್ ಯು” ಎಂದು ಮುಗಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಮೇಜಿನ ಮೇಲೆ ತಲೆಯಿಟ್ಟು ನಗುವುದು ಕೇಳಿಸಿತು. ಬಾಯಾರ ಮುಖ ಕೆಂಪಾಯಿತು. ನನ್ನನ್ನು ಬಿಟ್ಟು ಮುಂದಿನವರ ಬಳಿ ಹೋದರು. ನನ್ನ ಸ್ವರದಲ್ಲಿ ದೋಷವಿರಬೇಕೆಂದುಕೊಂಡು ನಾನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಕೂತೆ.

ನನ್ನ ಪಕ್ಕದಲ್ಲಿ ಹಂಸಭಾವಿಯ ಒಕ್ಕಲುತನದ ಮನೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅವರ ಊರಿನಲ್ಲಿ ನಾನು ಅನೇಕ ಶ್ರಾವಣಗಳಲ್ಲಿ ಪುರಾಣ ಹೇಳಿದವನಾದ್ದರಿಂದ ಅವಳಿಗೆ ನನ್ನಲ್ಲಿ ಸಲಿಗೆಯೂ ಗೌರವವೂ ಇದ್ದವು. ತರಗತಿ ಮುಗಿದ ಮೇಲೆ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದಳು.

“ಅಜ್ಜಾರ, ಮೇಡಂಗ ಯಾಕ ಅಣಕಿಸಿದ್ರಿ?”

“ಅಣಕಿಸೂದಾ? ಯಾರವಾ?”

“ನೀವರಿ! ಅವ್ರು ಕೇಳಿದ್ದನ್ನ ಅವರಿಗೇ ತಿರಗಿ ಕೇಳಿದ್ರಿ. ಅದೂ ಎರಡೆರಡ ಸರ್ತಿ. ಹಾನಗಲ್ ಅಂತ ಒಂದ್ ಮಾತ ಅಂದಿದ್ರ ಮುಗೀತಿತ್ತರಿ.”

“ನಾ ಸಂಥಿ ಹೇಳೀನವಾ.”

“ಸಂಥೀನ? ಅವ್ರ ಕೇಳಿದ್ದು ನಿಮ್ಮೂರ್ರಿ!” ಎಂದು ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಮರುದಿನ ಹೋಗಿ ಬಾಯಾರಿಗೆ ವಿವರಿಸಬೇಕೆಂದು ಯೋಚಿಸಿದೆ. ಆದರೆ ಅವರು ನನ್ನತ್ತ ನೋಡುವುದನ್ನೇ ಬಿಟ್ಟಿದ್ದರು. ಹೋಗಿ ಹೇಳಿದರೂ, ಅಣಕಿಸಿದವನು ಈಗ ಶಾಸ್ತ್ರದ ಮರೆಯಲ್ಲಿ ಅಡಗುತ್ತಿದ್ದಾನೆ ಎಂದೇ ತಿಳಿಯುವರು ಎನ್ನಿಸಿ ಸುಮ್ಮನಾದೆ. ಅವರಿಗೆ ನನ್ನ ಮೇಲೆ ಸಿಟ್ಟಿದೆ, ಅದನ್ನು ಅಂಕಗಳಲ್ಲಿ ತೀರಿಸಿಕೊಳ್ಳುವರು ಎಂಬ ಶಂಕೆ ಆಗಲೇ ನನ್ನಲ್ಲಿ ಮನೆ ಮಾಡಿತ್ತು.

ಹೀಗಾಗಿ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಲಿಂಗಪೂಜೆ ಮುಗಿಸಿ, ಗುಡಿಗೆ ಹೋಗಿ ಬಂದು, ಅದೇ ಮಣೆಯ ಮೇಲೆ ಕೂತು ಇಂಗ್ಲಿಷ್ ಪುಸ್ತಕವನ್ನು ಕಂಠಸ್ಥ ಮಾಡತೊಡಗಿದೆ. ಉಚ್ಚಾರಕ್ಕೆ ಬೇಕಾಗಿ ಹಂಸಭಾವಿಯ ಹುಡುಗಿ ಪಾಠಗಳನ್ನು ಓದಿ ನನ್ನ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಟ್ಟಿದ್ದಳು. ಅದು ಒಮ್ಮೆ ಹೇಳುವುದು, ನಾನು ಎರಡು ಸಲ ಹೇಳುವುದು. ವೇದಪಾಠದ ಏರಿಳಿತಗಳಾದ ಉದಾತ್ತ, ಅನುದಾತ್ತಗಳು ತಾವಾಗಿಯೇ ಸೇರಿಕೊಂಡವು. ಪಾಠದ ಗದ್ಯ ಮಾತ್ರವಲ್ಲ, ಗದ್ಯದ ಕೆಳಗಿನ ಸೂಚನೆಗಳು, ಅಭ್ಯಾಸದ ಪ್ರಶ್ನೆಗಳು ಯಾವುದನ್ನೂ ಬಿಡಲಿಲ್ಲ. ಗ್ರಂಥದಲ್ಲಿ ಇದ್ದುದನ್ನು ಬಿಟ್ಟು ಓದುವುದಕ್ಕೆ ನಮಗೆ ಅಧಿಕಾರವಿಲ್ಲ.

ನನ್ನ ಧರ್ಮಪತ್ನಿಗೆ ಇದು ಸೋಜಿಗವಾಗಿ ಕಂಡಿತು.

“ಏನ್ರಿ ಇದು, ವಿಭೂತಿ ಆರೂದ್ರಾಗ ರೈಲ್ವೆ ಟೇಶನ್ನಿಗೆ ಹೊಂಟಬಿಟ್ರಿ?” ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು. “ಆ ಮನಷ್ಯಾಗ ಟಿಕೀಟ ಸಿಕ್ತೋ ಇಲ್ಲೋ? ದಿನಾ ಅಲ್ಲೇ ನಿಂದ್ರತಾನ, ಪಾಪ.”

“ಸಿಕ್ಕೇತಿ. ಇನ್ನ ಗಾಡಿ ಬಂದಿಲ್ಲ.”

“ಬಂದ ಮ್ಯಾಲೆ ಹೇಳ್ರಿ, ಕೈಕಾಲ ತೊಳ್ಕೋಳಾಕ ನೀರ ಕೊಡತೇನಿ.”

ಅರ್ಥವಾಗುತ್ತಿರಲಿಲ್ಲವೆಂದಲ್ಲ. ಪ್ರತಿಪದಾರ್ಥವನ್ನು ಹುಡುಗಿಯಿಂದ ಕೇಳಿ ತಿಳಿದಿದ್ದೆ. ಪದಗಳು ನನಗೆ ವಿಧೇಯವಾಗಿದ್ದವು, ಆದರೆ ಪುಸ್ತಕದಲ್ಲಿದ್ದ ಸಾಲಿನಲ್ಲಿ ಮಾತ್ರ. ಸಾಲು ಬಿಟ್ಟು ಒಂದು ಪದವನ್ನು ಕರೆದರೆ ಬರುತ್ತಿರಲಿಲ್ಲ. ಅದು ಕೊರತೆ ಎಂದೇ ನನಗೆ ಅನ್ನಿಸಿರಲಿಲ್ಲ. ಗುರುಮುಖದಿಂದ ಬಾರದ ವಾಕ್ಯವನ್ನು ತಾನಾಗಿ ಹುಟ್ಟಿಸಿ ಆಡುವುದಕ್ಕೆ ಎಷ್ಟು ಧೈರ್ಯ ಬೇಕು! ಅದು ಸಾಧುವೋ ಅಸಾಧುವೋ, ಯಾರು ಹೊಣೆ?

ಪರೀಕ್ಷೆ ಬಂತು. ನೀವು ಕಂಡ ಒಂದು ರೈಲು ನಿಲ್ದಾಣದ ಬಗ್ಗೆ ಬರೆಯಿರಿ ಎಂಬ ಪ್ರಶ್ನೆ ಇತ್ತು. ನನಗೆ ಅಂಗೈಯಲ್ಲಿ ಪ್ರಸಾದ ಬಿದ್ದಂತಾಯಿತು. ಗಣಪತಿಯನ್ನು ನೆನೆದು ಆರಂಭಿಸಿ, ಇಡೀ ಪಾಠವನ್ನು ತಪ್ಪಿಲ್ಲದೆ ಬರೆದೆ. ಕೈ ನೋಯುತ್ತಿದ್ದರೂ ನಿಲ್ಲಿಸಲಿಲ್ಲ. ಕೊನೆಯಲ್ಲಿ ಗ್ರಂಥದಲ್ಲಿ ಇದ್ದಂತೆಯೇ, ಮೇಲಿನ ಚಿತ್ರವನ್ನು ನೋಡಿ, ಕಿಟಕಿಯ ಬಳಿ ನಿಂತಿರುವವರು ಯಾರು, ನಿಮ್ಮ ಜೊತೆಗಾರರೊಂದಿಗೆ ಚರ್ಚಿಸಿರಿ ಎಂಬ ವಾಕ್ಯಗಳನ್ನೂ ಇಂಗ್ಲಿಷಿನಲ್ಲಿ ಬರೆದು ಮುಗಿಸಿದೆ. ನನ್ನ ಉತ್ತರಪತ್ರಿಕೆಯಲ್ಲಿ ಚಿತ್ರವಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಹದಿನೈದು ದಿನಗಳ ತರುವಾಯ ಮುಖ್ಯಸ್ಥರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬಾಯಾರೂ ಅಲ್ಲಿ ಕೂತಿದ್ದರು. ನನ್ನ ಪತ್ರಿಕೆ ಮೇಜಿನ ಮೇಲೆ ಇತ್ತು, ಪಕ್ಕದಲ್ಲಿ ತೆರೆದ ಪಾಠಪುಸ್ತಕ. ಮುಖ್ಯಸ್ಥರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

“ಸ್ವಾಮ್ಯಾರ, ನಿಮ್ಮಂಥಾವ್ರಿಗೆ ಇದನ್ನ ಕೇಳಾಕ ನನಗ ನಾಚಿಕಿ ಆಗ್ತೈತ್ರಿ. ಪರೀಕ್ಷಾದಾಗ ಪುಸ್ತಕ ಇಟ್ಕೊಂಡಿದ್ರೇನ್ರಿ?”

ನಾನು ಪತ್ರಿಕೆಯನ್ನೂ ಪುಸ್ತಕವನ್ನೂ ನೋಡಿದೆ.

“ಇಲ್ಲಂದ್ರ ಮೊಬೈಲ್?” ಎಂದರು ಬಾಯಾರು. “ಒಂದ ಅಕ್ಷರ ಹಿಂದಮುಂದ ಆಗಿಲ್ರಿ ಸರ್. ‘ಚಿತ್ರ ನೋಡಿ’ ಅನ್ನೂದನ್ನೂ ಇಳಿಸ್ಯಾರ. ನೋಡಿ ಬರದವ್ರಷ್ಟ ಇದನ್ನ ಬರೀತಾರ.”

ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ. ಆ ವೇಷದಲ್ಲಿ ಕಳ್ಳನಾಗಿ ಕೂತಿದ್ದೆ. ನಕಲು ಸಾಬೀತಾದರೆ ಮೊದಲ ವರ್ಷವೆಲ್ಲ ರದ್ದು ಎಂದು ಮುಖ್ಯಸ್ಥರು ನಿಯಮವನ್ನು ತಿಳಿಸಿದರು. ಮತ್ತೆ ಪ್ರವೇಶ ಸಿಗುವುದು ಅವರ ಕೈಯಲ್ಲಿ ಇಲ್ಲ. ಕಲ್ಲು ನನ್ನ ಕಣ್ಣ ಮುಂದೆ ಬಂತು. ಎಂಟು ನೂರೋ ಒಂಬತ್ತು ನೂರೋ ವರ್ಷ ನಿಂತ ಕಲ್ಲಿಗೆ ಇನ್ನಷ್ಟು ಕಾಯುವುದು ಕಷ್ಟವಲ್ಲ; ನನಗೆ ಅಷ್ಟು ಪುರಸೊತ್ತಿಲ್ಲ. ನನ್ನ ಶಂಕೆಯೂ ಆಗ ಹೆಡೆ ಎತ್ತಿತು. ಆ ಎರಡನೆಯ ದಿನದ ಸಿಟ್ಟಿಗೆ ಈ ಹೆಣ್ಣುಮಗಳು ಈಗ ಹಾದಿ ಕಂಡುಕೊಂಡಳು ಎಂದುಕೊಂಡೆ.

“ಕಂಠಪಾಠ ಮಾಡೀನ್ರಿ,” ಎಂದೆ.

“ಇಡೀ ಪಾಠ?”

“ಪುಸ್ತಕ.”

ಮುಖ್ಯಸ್ಥರು ಬಾಯಾರನ್ನು ನೋಡಿದರು. ಬಾಯಾರು ಪುಸ್ತಕದ ಹಾಳೆಗಳನ್ನು ಬೆರಳಿನಿಂದ ಓಡಿಸಿ, ನಡುವೆ ಎಲ್ಲೋ ನಿಲ್ಲಿಸಿ, ಒಂದು ಸಾಲಿನ ಮೊದಲೆರಡು ಪದಗಳನ್ನು ಓದಿದರು. ನಾನು ಕುರ್ಚಿಯ ಮೇಲೆಯೇ ಪದ್ಮಾಸನಕ್ಕೆ ಹತ್ತಿರವಾದ ಭಂಗಿಯಲ್ಲಿ ಕೂತು, ಕಣ್ಣು ಮುಚ್ಚಿ, ಅಲ್ಲಿಂದ ಎತ್ತಿಕೊಂಡೆ. ದವಾಖಾನೆಗೆ ಹೋದ ಹೆಂಗಸಿನ ಪಾಠ ಅದು. ಅವಳ ಜ್ವರ, ವೈದ್ಯರ ಪ್ರಶ್ನೆಗಳು, ಗುಳಿಗೆಗಳ ವಿವರ, ಬಿಟ್ಟ ಸ್ಥಳಗಳನ್ನು ತುಂಬಿರಿ ಎಂಬ ಅಭ್ಯಾಸ, ಎಲ್ಲವೂ ಸ್ವರದೊಂದಿಗೆ ಹರಿಯಿತು. ಬಿಟ್ಟ ಸ್ಥಳ ಬಂದಲ್ಲಿ, ನಮ್ಮ ಕ್ರಮದಂತೆ, ಒಂದು ಮಾತ್ರೆಯ ಕಾಲ ನಿಂತು ಮುಂದೆ ಹೋದೆ. ಕಣ್ಣು ತೆರೆದಾಗ ಬಾಗಿಲಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಗುಂಪು ಕಟ್ಟಿದ್ದರು. ಮುಖ್ಯಸ್ಥರು ನಗುತ್ತಿದ್ದರು.

“ಮುಗೀತಲ್ಲ ಮೇಡಂ! ಆ ಹೆಣ್ಮಗಳ ಜ್ವರಾನೂ ಇಳೀತು.”

ಬಾಯಾರು ನಗಲಿಲ್ಲ. ಪುಸ್ತಕ ಮುಚ್ಚಿದರು.

“ಸರ್, ಇದು ಕಾಪಿ ಅಲ್ರಿ. ನಾ ಅಂದಿದ್ದು ತಪ್ಪು. ಮಾಫ್ ಮಾಡ್ರಿ ಅಜ್ಜಾರ. ಆದ್ರ...” ಅವರು ನನ್ನ ಪತ್ರಿಕೆಯನ್ನು ತಮ್ಮತ್ತ ಎಳೆದುಕೊಂಡರು. “ಇದು ಇಂಗ್ಲಿಷೂ ಅಲ್ರಿ. ಇದಕ್ಕ ಮಾರ್ಕ್ಸ್ ಕೊಡಾಕ ಬರೂದಿಲ್ಲ ನನಗ.”

“ಮತ್ತೇನ್ ಮಾಡೂದು?” ಎಂದರು ಮುಖ್ಯಸ್ಥರು.

“ಮುಂದಿನ ವಾರ ಮೌಖಿಕ ಇಡೋಣ್ರಿ. ಪುಸ್ತಕದಾಗ ಇಲ್ಲದ ಒಂದ್ ಪ್ರಶ್ನಿ ಕೇಳ್ತೇನಿ. ತಪ್ಪೋ ಒಪ್ಪೋ, ತಮ್ಮ ಮಾತಿನ್ಯಾಗ ಉತ್ತರ ಕೊಡಲಿ. ಕೊಟ್ರ ಪಾಸ್.”

“ಕೊಡಲಿಲ್ಲಂದ್ರ?” ಎಂದು ನಾನೇ ಕೇಳಿದೆ.

“ಕೊಡಲಿಲ್ಲಂದ್ರ ಇಲ್ರಿ,” ಎಂದು ಅವರು ನನ್ನ ಮುಖ ನೋಡಿಯೇ ಹೇಳಿದರು.

ಆ ವಾರ ನನಗೆ ನೆಮ್ಮದಿಯಿರಲಿಲ್ಲ. ಬಸ್ಸಿನಲ್ಲಿ ಬಂಕಾಪುರದವರೆಗೂ ಆ ಪ್ರಶ್ನೆ ಯಾವುದಿರಬಹುದು ಎಂದೇ ಊಹಿಸುತ್ತಿದ್ದೆ. ಹಂಸಭಾವಿಯ ಹುಡುಗಿಯಿಂದ ಸಾಧ್ಯವಾದ ಪ್ರಶ್ನೆಗಳನ್ನೆಲ್ಲ ಕಟ್ಟಿಸಿ, ಅವಕ್ಕೆ ಉತ್ತರಗಳನ್ನು ಕಟ್ಟಿಸಿ, ಅವನ್ನೂ ಕಂಠಪಾಠ ಮಾಡಿಕೊಂಡೆ: ನನ್ನ ಊರು, ನನ್ನ ಮನೆ, ನನ್ನ ಗುಡಿ, ನನ್ನ ಹವ್ಯಾಸ.

“ಅಜ್ಜಾರ, ಇದೂ ಸಂಥೀನ ಆತಲ್ರಿ,” ಎಂದಳು ಅವಳು. “ಅವ್ರು ಇದನ್ನ ಬ್ಯಾಡ ಅಂದಾರ.”

“ನೀ ಕಟ್ಟಿಕೊಡು. ಅವ್ರು ಕೇಳೂದನ್ನ ದೇವ್ರು ನಡಸಲಿ.”

“ದೇವ್ರಿಗೆ ಇಂಗ್ಲಿಷ್ ಬರ್ತೈತೇನ್ರಿ?”

ಅವಳಿಗೆ ಗದರಿದೆ. ಆದರೆ ಆ ಪ್ರಶ್ನೆ ಪೂಜೆಯ ಹೊತ್ತಿಗೂ ಬಿಡದೆ ಬಂತು.

ಮೌಖಿಕದ ದಿನ ಮುಖ್ಯಸ್ಥರ ಕೋಣೆಯಲ್ಲಿ ಮೂವರೇ ಇದ್ದೆವು. ಬಾಯಾರ ಕೈಯಲ್ಲಿ ಪುಸ್ತಕವಾಗಲಿ ಚೀಟಿಯಾಗಲಿ ಇರಲಿಲ್ಲ. ಕೆಳಗಿನ ಅಂಗಡಿಯಿಂದ ಬಂದ ಚಹಾದ ಲೋಟಗಳು ಮೇಜಿನ ಮೇಲೆ ಇದ್ದವು. ನನ್ನ ಮುಂದೆ ಇರಲಿಲ್ಲ. ಬಾಯಾರು ತಮ್ಮ ಲೋಟವನ್ನು ನೋಡಿದರು, ನನ್ನನ್ನು ನೋಡಿದರು.

“ವೈ ಡೋಂಟ್ ಯು ಡ್ರಿಂಕ್ ಟೀ ವಿತ್ ಅಸ್?”

ನೀವು ನಮ್ಮೊಡನೆ ಚಹಾ ಏಕೆ ಕುಡಿಯುವುದಿಲ್ಲ?

ಪ್ರಶ್ನೆ ನನಗೆ ಪೂರ್ತಿ ಅರ್ಥವಾಯಿತು. ಅದರ ಒಳಗೆ ಇದ್ದುದೂ ಅರ್ಥವಾಯಿತು. ತರಗತಿಯ ನಡುವಿನ ವಿರಾಮದಲ್ಲಿ ದಿನವೂ ಚಹಾ ಬರುತ್ತಿತ್ತು. ಬಾಯಾರು ಮೊದಲ ವಾರ ತಾವೇ ಒಂದು ಲೋಟ ನನ್ನ ಮುಂದೆ ಹಿಡಿದಿದ್ದರು. ನಾನು ಕೈ ಮುಗಿದು ಬೇಡವೆಂದಿದ್ದೆ. ನಮ್ಮ ಗುರುಗಳು ಲಿಂಗೈಕ್ಯರಾದ ದಿನದಿಂದ ನಾನು ಹಿಡಿದ ನೇಮ ಅದು: ಬೆಂಕಿ ಮುಟ್ಟಿದ ಯಾವುದನ್ನೂ ಮನೆಯ ಹೊರಗೆ ಸೇವಿಸುವುದಿಲ್ಲ. ಹತ್ತಿಮತ್ತೂರಿನಲ್ಲಾಗಲಿ ಹಂಸಭಾವಿಯಲ್ಲಾಗಲಿ ಪುರಾಣಕ್ಕೆ ಹೋದರೂ ಭಕ್ತರು ಕೊಟ್ಟ ಅಕ್ಕಿಯನ್ನು ನಾನೇ ಬೇಯಿಸಿಕೊಳ್ಳುತ್ತೇನೆ. ಹಾಗಾದರೆ ಇಷ್ಟು ದಿನ ಅವರ ಮನಸ್ಸಿನಲ್ಲಿ ಇದ್ದುದು ಆ ಎರಡನೆಯ ದಿನದ ಅಣಕವಲ್ಲ, ಈ ಲೋಟ.

ಕಂಠಪಾಠ ಮಾಡಿದ ಊರು, ಮನೆ, ಗುಡಿ ಯಾವುದೂ ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಪದಗಳನ್ನು ಅವುಗಳ ಸಾಲಿನಿಂದ ಒಂದೊಂದಾಗಿ ಎಬ್ಬಿಸಿ ತರಬೇಕಾಯಿತು.

“ಐ... ಔಟ್‌ಸೈಡ್ ಹೌಸ್... ನೋ ಟೀ,” ಎಂದೆ.

“ಬಿಕಾಸ್ ಆಫ್ ಮಿ?” ನನ್ನಿಂದಾಗಿಯೆ?

“ನಾಟ್ ಯು. ಆಲ್.”

“ಯುವರ್ ಡಾಟರ್ಸ್ ಹೌಸ್?”

ನನ್ನ ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಅಲ್ಲಿಗೆ ಹೋದಾಗ ನಾನು ಬಾಳೆಹಣ್ಣು ತಿಂದು ಎದ್ದು ಬರುತ್ತೇನೆ. “ಡಾಟರ್ ಹೌಸ್, ನೋ ಟೀ,” ಎಂದೆ. ಏನೋ ಕಡಿಮೆಯಾಯಿತು ಎನ್ನಿಸಿ, “ಡಾಟರ್ ಆಂಗ್ರಿ,” ಎಂದು ಸೇರಿಸಿದೆ.

ಮುಖ್ಯಸ್ಥರು ಚಹಾದ ಲೋಟವನ್ನು ಅರ್ಧದಲ್ಲೇ ಕೆಳಗಿಟ್ಟು ನಕ್ಕರು. ಬಾಯಾರು ಬಿಡಲಿಲ್ಲ. ಬಂಕಾಪುರ ಕ್ರಾಸಿನಲ್ಲಿ ಗಾಡಿಯ ಬಳಿ ನಿಂತು ನಾನು ಏನೋ ಕುಡಿಯುತ್ತಿದ್ದುದನ್ನು ಅವರು ಬಸ್ಸಿನಿಂದ ಕಂಡಿದ್ದರಂತೆ. ಅದನ್ನೂ ಇಂಗ್ಲಿಷಿನಲ್ಲೇ ಕೇಳಿದರು, ನಿಧಾನವಾಗಿ, ಪ್ರತಿ ಪದವನ್ನು ಎಣಿಸಿದಂತೆ.

“ಕೋಕನಟ್ ವಾಟರ್,” ಎಂದೆ. “ಫೈರ್ ನೋ ಟಚ್.”

ಎಳನೀರು, ಬೆಂಕಿ ಮುಟ್ಟಿದ್ದಲ್ಲ. ತಮಗೆ ಇದು ಮೊದಲೇ ಗೊತ್ತಿದ್ದಂತೆ ಮುಖ್ಯಸ್ಥರು ತಲೆಯಾಡಿಸಿದರು. ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ ಇನ್ನೊಂದು ಪ್ರಶ್ನೆ ಕೇಳಿದರು: ಸರ್‌ಗೆ ಈ ನೇಮದ ಬಗ್ಗೆ ಹೇಳಿದ್ದೀರಿ, ನನಗೆ ಏಕೆ ಹೇಳಲಿಲ್ಲ?

ಅದು ನಿಜ. ಮುಖ್ಯಸ್ಥರಿಗೆ ಗುರುಗಳ ವಿಷಯ, ನೇಮದ ವಿಷಯ ಎಲ್ಲವನ್ನೂ ವಿಸ್ತಾರವಾಗಿ ಹೇಳಿದ್ದೆ. ಇವರ ಮುಂದೆ ಬರೀ ಕೈ ಮುಗಿದಿದ್ದೆ. ಏಕೆಂದು ನನ್ನನ್ನು ನಾನೇ ಕೇಳಿಕೊಂಡವನಲ್ಲ. ಕನ್ನಡದಲ್ಲಿ ಕೇಳಿದ್ದರೆ ನನ್ನ ಬಳಿ ನಾಲ್ಕು ಸುಂದರ ವಾಕ್ಯಗಳು ಸಿದ್ಧವಿರುತ್ತಿದ್ದವು. ಅವುಗಳಲ್ಲಿ ಒಂದೂ ಉತ್ತರವಾಗಿರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನನ್ನ ಬಳಿ ಅಂಥ ವಾಕ್ಯಗಳ ಸಂಪತ್ತು ಇರಲಿಲ್ಲ. ಇದ್ದ ಕೆಲವೇ ಪದಗಳಲ್ಲಿ ಸುತ್ತಿ ಬಳಸಿ ಮಾತಾಡಲು ಬರುವಂತಿರಲಿಲ್ಲ.

ಕಂಠದಲ್ಲಿದ್ದ ಪದಗಳನ್ನು ಬೆರಳು ಮಡಚಿ ಎಣಿಸಿದೆ.

“ಐ ಥಿಂಕ್,” ಎಂದೆ. “ಐ ಥಿಂಕ್, ಯು ನೋ ಬಿಲೀವ್.”

ನೇಮವೇ ಕಾರಣವೆಂದರೆ ನೀವು ನಂಬುವುದಿಲ್ಲ ಎಂದುಕೊಂಡೆ. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದ ಬಂದ ಮೇಲೆ, ಸಂಥೆಯಲ್ಲಿ ಇರದ ಪಾದವೊಂದನ್ನು ಆಡಿಬಿಟ್ಟವನಂತೆ ನಾನೇ ಬೆದರಿದೆ.

ಬಾಯಾರು ಬೆನ್ನು ಹಿಂದಕ್ಕೆ ಆನಿಸಿದರು. “ನೌ?” ಎಂದರು. ಈಗ?

“ನೌ, ಯು ಸೇ.”

ನಂಬುವಿರೋ ಇಲ್ಲವೋ, ಈಗ ನೀವೇ ಹೇಳಿ ಎಂದು. ಅವರು ತಮ್ಮ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಮೇಜಿನ ಅಂಚಿಗೆ ಸರಿಸಿ, “ಸಾಕ್ರಿ ಸರ್,” ಎಂದು ಎದ್ದು ಹೋದರು. ಮುಖ್ಯಸ್ಥರು ನನ್ನತ್ತ ನೋಡಿ ಭುಜ ಕುಣಿಸಿದರು. ‘ಸಾಕು’ ಎಂಬುದು ತೇರ್ಗಡೆಯೋ ಬೇಸರವೋ ತಿಳಿಯದೆ ನಾನು ಹಾನಗಲ್ಲಿನ ಬಸ್ಸು ಹತ್ತಿದೆ.

ಫಲಿತಾಂಶ ಬಂದಾಗ ಇಂಗ್ಲಿಷಿನಲ್ಲಿ ತೇರ್ಗಡೆಗೆ ಬೇಕಾದಷ್ಟೇ ಅಂಕಗಳು ಬಂದಿದ್ದವು, ಒಂದೂ ಹೆಚ್ಚಿಲ್ಲ. ದೀಪಾವಳಿ ಕಳೆದ ಮೇಲೆ ಹಾನಗಲ್ಲಿಗೆ ಬಂದು ನಮ್ಮ ಗುಡಿಯ ಕಲ್ಲಿನಿಂದಲೇ ಅಚ್ಚು ತೆಗೆಯುವುದನ್ನು ಆರಂಭಿಸುವುದಾಗಿ ಮುಖ್ಯಸ್ಥರು ತಿಳಿಸಿದರು. ಸಂತೋಷಪಡಬೇಕಾದ ಹೊತ್ತು. ಆದರೆ ಒಂದೂ ಹೆಚ್ಚಿಲ್ಲದ ಆ ಅಂಕಗಳು ನನ್ನನ್ನು ಕಾಡಿದವು. ಅಷ್ಟು ಕರಾರುವಾಕ್ಕಾಗಿ ಗಡಿಯ ಮೇಲೆ ನಿಲ್ಲಿಸಿದ್ದಾರೆಂದರೆ ಅದು ಅಂಕವಲ್ಲ, ಮುದುಕನಿಗೆ ತೋರಿದ ಕನಿಕರ ಎನ್ನಿಸಿತು. ಕನಿಕರದಿಂದ ದೊರೆತ ಅಧಿಕಾರದಲ್ಲಿ ಆ ಕಲ್ಲನ್ನು ಮುಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ.

ತರಗತಿ ಮುಗಿದು ಬಾಯಾರು ಮೆಟ್ಟಿಲಿಳಿಯುವಾಗ ಹೋಗಿ ನಿಂತೆ.

“ಬಾಯಾರ, ಒಂದ ಮಾತ. ನನ್ನ ಮ್ಯಾಲೆ ಕರುಣಾ ಬಂದು ಪಾಸ್ ಮಾಡಿದ್ರೇನ್ರಿ?”

ಅವರು ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡರು. “ಕರುಣಾದಾಗ ಕೊಡೂ ಮಂದಿ ಅಲ್ರಿ ನಾವು. ಎಲಿ ಯಾಪಾರದವ್ರು, ಎಣಿಸಿ ಕೊಡತೇವಿ,” ಎಂದು ಮೊದಲ ಬಾರಿಗೆ ನನ್ನ ಎದುರು ನಕ್ಕರು. ಆಮೇಲೆ, “ಆದ್ರ ಇದನ್ನ ಇಂಗ್ಲಿಷಿನ್ಯಾಗ ಕೇಳ್ರಿ. ಅಲ್ಲೀ ತನಕ ಉತ್ತರ ಇಲ್ಲ,” ಎಂದರು.

ಕರುಣೆಗೆ ಪದ ನನ್ನ ಪುಸ್ತಕದಲ್ಲಿ ಇರಲಿಲ್ಲ. ಇದ್ದುದರಲ್ಲೇ ಹುಡುಕಿದೆ. “ಐ ಪಾಸ್? ಆರ್, ಯು ಹೆಲ್ಪ್?”

“ಯು ಪಾಸ್ಡ್, ಅಜ್ಜಾರ. ಐ ಓನ್ಲಿ ಆಸ್ಕ್ಡ್,” ಎಂದರು. ಪಾಸಾದವರು ನೀವು, ನಾನು ಬರೀ ಕೇಳಿದೆ.

ವೇಗವಾಗಿ ಹೇಳಿದ್ದರಿಂದ ಕೊನೆಯದರ ಅರ್ಥ ನನಗೆ ತಟ್ಟನೆ ಹೊಳೆಯಲಿಲ್ಲ. “ಇನ್ನೊಮ್ಮೆ ಹೇಳ್ರಿ,” ಎಂದೆ.

“ನೋ ಹೆಲ್ಪ್. ದಿ ಆನ್ಸರ್ ವಾಸ್ ಯುವರ್ಸ್.” ಸಹಾಯವಿಲ್ಲ, ಉತ್ತರ ನಿಮ್ಮದೇ ಆಗಿತ್ತು.

ನಾನು ಅವರನ್ನು ತಡೆದೆ. “ಮೊದಲ ಹೇಳಿದ್ದು ಇದಲ್ರಿ. ಬ್ಯಾರೆ ಇತ್ತು.”

“ಹೌದ್ರಿ. ಅರ್ಥ ಒಂದರಿ.”

“ಖರೇದ್ದು ಯಾವ್ದು?”

“ಎರಡೂ ಖರೇನರಿ. ಬೇಕಾದ್ರ ಮೂರನೇ ತರಾನೂ ಹೇಳ್ತೇನಿ,” ಎಂದು ಅವರು ಇಳಿದು ಹೋದರು. ಕೆಳಗೆ ಸವಣೂರಿನ ಬಸ್ಸು ಹಾರ್ನು ಹಾಕುತ್ತಿತ್ತು.

ಇನ್ನೊಮ್ಮೆ ಹೇಳಿರೆಂದು ಬೇಡಿದಾಗ ನನ್ನ ಗುರುಗಳು ಒಂದು ಮಾತ್ರೆಯೂ ವ್ಯತ್ಯಾಸವಿಲ್ಲದೆ ಹೇಳುತ್ತಿದ್ದರು. ಅದರಿಂದಲೇ ಅವರು ಗುರುಗಳೆಂದು ನಾನು ನಂಬಿದ್ದೆ. ಗ್ರಂಥಗಳಲ್ಲಾದರೆ ಇಂಥ ಎರಡು ವಾಕ್ಯಗಳನ್ನು ಪಾಠಾಂತರ ಎನ್ನುತ್ತೇವೆ. ವಿಚಾರ ಮಾಡಿ ಒಂದನ್ನು ಮೂಲದಲ್ಲಿ ಉಳಿಸಿ, ಇನ್ನೊಂದನ್ನು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇಡುತ್ತೇವೆ. ಈ ಹೆಣ್ಣುಮಗಳು ಎರಡನ್ನೂ ಮೂಲವೇ ಎನ್ನುತ್ತಾರೆ. ಬಸ್ಸಿನಲ್ಲಿ ಕೂತು ಎರಡನ್ನೂ ಎರಡೆರಡು ಸಲ ಹೇಳಿಕೊಂಡೆ. ಯಾವುದನ್ನು ಮೇಲೆ ಇಡಬೇಕೆಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.